ಒಡಪು ಹಿಡಿಯುವ ಪೆಟ್ಟಿಗೆ

"ಇನ್ನೊಮ್ಮಿ ಒತ್ತು," ಎಂದ ಲಗಮಣ್ಣ.

ಅವನ ತಂಗಿಯ ಮಗ ಸೂರಜ ಗುಂಡಿ ಒತ್ತಿದ. ದನಿ ಹಿಡಿದಿಟ್ಟು ಬೇಕಾದಾಗ ಬಿಡುವ ಅಂಗೈಯಗಲದ ಸ್ಯಾಂಪ್ಲರಿನಿಂದ ಲಗಮಣ್ಣನ ಹೆಂಡತಿ ಉದ್ದವ್ವನ ದನಿ ಗೋಕಾಕದ ಆ ವಾದ್ಯದಂಗಡಿಯನ್ನು ತುಂಬಿತು: "ಮೂಡಲಗಿ ಸಂತ್ಯಾಗ ತೂಗ್ಯಾರ ಬೆಲ್ಲ, ನಮ್ಮವರ ಸಿಟ್ಟಿಗಿ ಸಾಟಿನ ಇಲ್ಲ, ಹೆಸರ ಹೇಳಂದ್ರ ಹೇಳತೇನಿ ಎಲ್ಲಾ, ಕೈ ಹಿಡದವರು..." ಅಲ್ಲಿಗೆ ನಿಂತಿತು.

"ನೋಡ್ರಿ, ಹೆಸರ ನುಂಗಿಬಿಡತೈತಿ," ಎಂದು ಲಗಮಣ್ಣ ಅಂಗಡಿಯ ಶಿದ್ಲಿಂಗಪ್ಪನಿಗೆ ದೂರಿದ.

ಸೂರಜನದು ಅಂಕಲಗಿಯಲ್ಲಿ ಮದುವೆ ಬ್ಯಾಂಡು. ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳಲು ಮದುಮಗಳು ನಾಚಿದರೆ ಅವನು ತನ್ನ ಅತ್ತೆ ಉದ್ದವ್ವನ ದನಿ ಬಿಡುತ್ತಿದ್ದ. ಅದು ನಿಂತಲ್ಲಿ ಮಂದಿಯೆಲ್ಲ ಮದುಮಗನ ಹೆಸರು ಕೂಗುತ್ತಿದ್ದರು. ಹುಕ್ಕೇರಿಯವರೆಗೆ ಸುದ್ದಿಯಾಗಿತ್ತು. ಲಗಮಣ್ಣನಿಗೆ ಮಾತ್ರ ಸಂಕಟ. ಕಂಡವರ ಹೆಸರೆಲ್ಲ ತನ್ನ ಹೆಂಡತಿಯ ಒಡಪಿಗೆ ಅಂಟಿಕೊಂಡವು, ತನ್ನದೊಂದು ಬಿಟ್ಟು. ಅವನ ಮದುವೆಯಲ್ಲೂ ಅವಳು ಹೆಸರು ಹೇಳುವ ಹೊತ್ತಿಗೇ ಬಾಜಾದವರು ಬಡಿದಿದ್ದರು. ನಲವತ್ತೆರಡು ವರ್ಷದಿಂದ ಅವರನ್ನು ಬೈಯುತ್ತಲೇ ಬಂದಿದ್ದ.

ಶಿದ್ಲಿಂಗಪ್ಪ ದುಬಾರಿ ಸ್ಯಾಂಪ್ಲರನ್ನು ತಂದಿಟ್ಟ. ಸಣ್ಣದಕ್ಕೆ ಎಂಟು ಗುಂಡಿ, ಇದಕ್ಕೆ ಹದಿನಾರು. ಸಣ್ಣದು ಹಿಡಿಯುವುದು ಅರ್ಧ ನಿಮಿಷ, ಇದು ಆರು ನಿಮಿಷ. "ಒಂದ ಹೊಟ್ಟ್ಯಾಗ ಹುಟ್ಟಿದ ಅಣ್ಣ ತಮ್ಮ ಅದಾವ್ರಿ. ತಮ್ಮಗ ನೆನಪು ಕಡಿಮಿ. ಅಣ್ಣ ಏನೂ ಮರಿಯಂಗಿಲ್ಲ."

"ಏನೂ ಮರೀದವನ ಕೂಡ ಬಾಳೇವು ಮಾಡಿ ನೋಡ್ರಿ, ತಿಳೀತೈತಿ," ಎಂದಳು ಪಕ್ಕದಲ್ಲೇ ನಿಂತಿದ್ದ ಉದ್ದವ್ವ.

ಲಗಮಣ್ಣ ಎರಡನ್ನೂ ದನದ ಸಂತೆಯಲ್ಲಿ ಎತ್ತು ನೋಡಿದಂತೆ ನೋಡಿದ. ಎತ್ತಿದ, ಬೆನ್ನು ತಟ್ಟಿದ, ಹಲ್ಲಿದ್ದಿದ್ದರೆ ಎಣಿಸುತ್ತಿದ್ದ. ದೊಡ್ಡದೇ ಬೇಕೆಂದ. ಹಿಡಿಸಿ ತೋರಿಸಲು ಶಿದ್ಲಿಂಗಪ್ಪ ಫ್ಯಾನು ಆರಿಸಿ ಬಾಗಿಲು ಮುಚ್ಚಿದ. ಉದ್ದವ್ವ ಮೈಕಿನ ಮುಂದೆ ಸೆರಗು ಸರಿಮಾಡಿಕೊಂಡು ಬೆಲ್ಲ ತೂಗಿದಳು, ಸಿಟ್ಟು ಹೊಗಳಿದಳು, "ಕೈ ಹಿಡದವರು" ಎಂದಳು, ಬಾಯಿ ಮುಚ್ಚಿದಳು.

ಪೆಟ್ಟಿಗೆಯಣ್ಣ ಕಾದ. ಹತ್ತು ಸೆಕೆಂಡು, ಇಪ್ಪತ್ತು. ಹೊರಗಿನ ಆಟೋ ಹಾರ್ನು ಹಿಡಿದ, ಲಗಮಣ್ಣ ಉಗುಳು ನುಂಗಿದ್ದನ್ನೂ ಹಿಡಿದ.

ಸೂರಜ ಸಣ್ಣದನ್ನು ಒತ್ತಿ ನೋಡಿದ. ಅದರಲ್ಲಿನ್ನೂ ಹತ್ತು ಸೆಕೆಂಡಿನ ಜಾಗ ಖಾಲಿಯಿತ್ತು. "ಮಾಮಾ, ಇದು ಏನೂ ನುಂಗಿಲ್ಲ."

ಲಗಮಣ್ಣ ಹೆಂಡತಿಯತ್ತ ತಿರುಗಿದ. "ಹಂಗಾರ ಲಗ್ನದಾಗ, ಬಾಜಾದವರು..."

"ಬಡೀರಿ ಅಂತ ಕಣ್ಣಸನ್ನಿ ಮಾಡಿದಾಕಿ ನಾನ."

ಲಗಮಣ್ಣ ತಾನೇ ಮೈಕಿನ ತಂತಿ ಕಿತ್ತ, ಸೂರಜನನ್ನೂ ಅಂಗಡಿಯ ಒಡೆಯನನ್ನೂ ಹೊರಗೆ ನಿಲ್ಲಿಸಿ ಬಂದ, ತಲೆಯ ಪಟಗ ತೆಗೆದು ಅವಳ ಬಾಯಿಯ ಹತ್ತಿರ ಕಿವಿ ತಂದ.

"ಮಷಿನ್ ಬ್ಯಾಡ, ಮಂದಿ ಬ್ಯಾಡ. ಒಮ್ಮಿ. ನನಗಷ್ಟ ಕೇಳೂವಂಗ."

"ಒಲ್ಲೆ," ಎಂದಳು ಉದ್ದವ್ವ.