ಸ್ಪೀಕರ್ ಪೆಟ್ಟಿಗೆ ಹೊರುವ ಸರದಿ

ಹೋಟೆಲಿನ ಲಾಬಿಯಲ್ಲಿ ಇಪ್ಪತ್ತೆರಡು ವರ್ಷ ಡ್ರಮ್ಸ್ ಬಾರಿಸಿದ ತಮ್ಮನಿಗೆ ಒಂದು ಸಲವೂ ಚಪ್ಪಾಳೆ ಬಿದ್ದಿರಲಿಲ್ಲ. ಅದೇ ಅವರ ಬ್ಯಾಂಡಿನ ಹೆಗ್ಗಳಿಕೆ. ಊರೆಲ್ಲ ಕುಣಿಯುತ್ತಿದ್ದ ಹಾಡನ್ನು ಹಿಡಿದು ತಂದು, ಕೈಕಾಲು ಒತ್ತಿ, ಸೋಫಾದ ಮೇಲೆ ಮಲಗಿಸಿದಂತೆ ನುಡಿಸುತ್ತಿದ್ದರು. ಒಮ್ಮೆ ಅವರ ಹಾಡಿಗೆ ಲಿಫ್ಟೇ ತೂಕಡಿಸಿ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗಿದ್ದವರು ಯಾರೂ ದೂರು ಕೊಡಲಿಲ್ಲ.

ಹಾಡುತ್ತಿದ್ದವನು ಅಣ್ಣ. ಕಾನೂನೂ ಅವನದೇ. ಕೂತವರು ಯಾರಾದರೂ ಕಾಫಿ ಕಪ್ಪಿನಿಂದ ತಲೆ ಎತ್ತಿ ನೋಡಿದರೆ ಬ್ಯಾಂಡಿನಲ್ಲಿ ಯಾರೋ ತಪ್ಪಿದ್ದಾರೆ ಎಂದರ್ಥ. ತಪ್ಪಿದವನು ಆ ದಿನ ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನು ವ್ಯಾನಿನವರೆಗೆ ಒಬ್ಬನೇ ಹೊರಬೇಕು. ಪಿಯಾನೊದವನು ಹೊತ್ತಿದ್ದ, ಗಿಟಾರಿನವನು ಹೊತ್ತಿದ್ದ, ತಮ್ಮನ ಸೊಂಟವಂತೂ ಅದರಿಂದಲೇ ಹೋಗಿತ್ತು. ಅಣ್ಣ ಒಮ್ಮೆಯೂ ಹೊರಲಿಲ್ಲ. ಮನೆಗೆ ಬಂದು, ಇವತ್ತು ಹೊತ್ತವರು ಯಾರೆಂದು ಹೆಂಡತಿಗೆ ವರದಿ ಒಪ್ಪಿಸುವುದು ಮಾತ್ರ ಅವನ ಕೆಲಸ.

ಅಂಥವನು ಒಂದು ಮಂಗಳವಾರ ಗಡ್ಡ ಹೆರೆದುಕೊಳ್ಳುತ್ತ, ಇನ್ನೊಂದು ಕೆನ್ನೆ ಬಾಕಿ ಇರುವಾಗಲೇ, ಸದ್ದಿಲ್ಲದೆ ಹೋಗಿಬಿಟ್ಟ. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತಿಗೆಗೂ ಕೇಳಿಸಲಿಲ್ಲ.

ಅವನ ನೆನಪಿಗೆಂದು ಜನ ಸೇರುವ ದಿನ ಅತ್ತಿಗೆ ತಮ್ಮನನ್ನು ಕೇಳಿದ್ದು ಒಂದೇ. "ನೋಡಪ್ಪ, ಬದುಕಿದ್ದಾಗ ಅವರನ್ನ ಯಾರೂ ಕೂತು ಕೇಳ್ಲಿಲ್ಲ. ಇವತ್ತೊಂದಿನ ಜನ ಕೇಳೋ ಹಾಗೆ ಬಾರಿಸ್ರಿ."

ತಮ್ಮ ಹೂಂ ಅಂದ. ಹೂಂ ಅನ್ನುವುದೇನೋ ಸುಲಭ, ಪಳಗಿದ ಕೈ ಮಾತು ಕೇಳಬೇಕಲ್ಲ. ಜೋರಾಗಿ ಶುರುವಾದ ಹಾಡು ಎರಡನೇ ಸಾಲಿಗೇ ಚಪ್ಪಲಿ ಕಳಚಿ ದಿಂಬು ಹುಡುಕತೊಡಗಿತು. ಮೂರನೇ ಸಾಲಿಗೆ ಮುಂದಿನ ಬೆಂಚಿನ ಚಿಕ್ಕಪ್ಪ ಪಕ್ಕದವರ ಹತ್ತಿರ ಮಂಡಿನೋವಿನ ಎಣ್ಣೆ ವಿಚಾರಿಸಿದರು. ಹಿಂದೆ ಯಾರೋ, ಕಾರು ಎಲ್ಲಿ ನಿಲ್ಲಿಸಿದ್ದೀರಿ ಅಂದರು. ಅತ್ತಿಗೆ ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತ ಕೂತಳು. ತಮ್ಮನಿಗೆ ಡ್ರಮ್ಮಿನೊಳಗೆ ಹೊಕ್ಕು ಮುಚ್ಚಳ ಹಾಕಿಕೊಳ್ಳೋಣ ಅನ್ನಿಸಿತು.

ಆಮೇಲೆ ಹಾಡಿನಲ್ಲಿ ಆ ಜಾಗ ಬಂತು. ಅಲ್ಲಿ ಯಾವಾಗಲೂ ಮೂವರೂ ಕೈ ಎತ್ತಿ ಸುಮ್ಮನಾಗುತ್ತಿದ್ದರು, ಅಣ್ಣ ಒಬ್ಬನೇ ಒಂದು ಸಾಲು ಹಾಡುತ್ತಿದ್ದ. ಅಭ್ಯಾಸಬಲ. ಮೂವರೂ ಕೈ ಎತ್ತಿದರು.

ಯಾರೂ ಹಾಡಲಿಲ್ಲ.

ಚಿಕ್ಕಪ್ಪನ ಮಂಡಿಯ ಮಾತು ಅರ್ಧಕ್ಕೇ ನಿಂತಿತು. ಒಂದು ತಲೆ ಎದ್ದಿತು, ಆಮೇಲೆ ಹತ್ತು, ಆಮೇಲೆ ಎಲ್ಲವೂ. ಇಡೀ ಸಭೆ ಒಂಟಿ ಮೈಕನ್ನೇ ನೋಡುತ್ತಿತ್ತು. ತಮ್ಮ ಮನಸ್ಸಿನಲ್ಲೇ ತಾಳ ಎಣಿಸುತ್ತ, ಅಣ್ಣನ ಸಾಲು ಪೂರ್ತಿ ಮುಗಿಯುವವರೆಗೆ ಕಾದ. ಮತ್ತೆ ಬಾರಿಸಲು ಹೊರಟಾಗ ಡ್ರಮ್ ಎಲ್ಲಿದೆಯೆಂದು ಅವನಿಗೆ ಕಾಣಿಸುತ್ತಿರಲಿಲ್ಲ.

ಜನ ಹೋದ ಮೇಲೆ ಸ್ಪೀಕರ್ ಪೆಟ್ಟಿಗೆ ಉಳಿಯಿತು. ಮೂವರೂ ಅದರ ಸುತ್ತ ನಿಂತರು, ಯಾರೂ ಮುಟ್ಟಲಿಲ್ಲ. ಇವತ್ತಿನ ಸರದಿ ಯಾರದೆಂದು ಮೂವರಿಗೂ ಗೊತ್ತಿತ್ತು.

ಅತ್ತಿಗೆ ಬಂದು ನೋಡಿದಳು. "ತಲೆ ಎತ್ಸಿದ್ದು ಅವರೇ ತಾನೆ? ಬಿಡಿ, ಅವರ ಬದ್ಲು ನಾನು ಹೊರ್ತೀನಿ."

ತಮ್ಮ ಇನ್ನೊಂದು ತುದಿ ಹಿಡಿಯಹೋದ.

"ಒಬ್ರೇ ಹೊರ್ಬೇಕು ಅಂತ ಅಲ್ವೇನಪ್ಪ ಇರೋದು?"

ಮೂರು ಕಡೆ ಇಳಿಸಿ, ಮೂರು ಕಡೆ ಎತ್ತಿ, ಅವಳು ಅದನ್ನು ವ್ಯಾನಿನವರೆಗೆ ಹೊತ್ತಳು. ಮೂರು ಗಂಡಸರು ಬರಿಗೈಯಲ್ಲಿ, ತಲೆ ತಗ್ಗಿಸಿ ಹಿಂದೆ ನಡೆದರು.