ಬಾಗಿಲ ಹೊರಗಿನ ಬೆಂಚು

ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವ ಸರದಿ ಒಂದಲ್ಲ ಒಂದು ದಿನ ಎಲ್ಲ ಮನೆಗೂ ಬರುತ್ತದೆ. ಈ ಸಲ ಅದು ನಮ್ಮ ಬೀದಿಯ ಹೊಲಿಗೆಯಣ್ಣನಿಗೆ ಬಂತು.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಮಾಸ್ತರ, ಹೊಲಿಯುವವನು ಹೊಲಿಗೆಯಣ್ಣ. ಮಾಸ್ತರ ಬಟ್ಟೆಯ ಮೇಲೆ ಎಳೆಯುವ ಸೀಮೆಸುಣ್ಣದ ಗುರುತು ಇವನೊಬ್ಬನಿಗೇ ಅರ್ಥವಾಗುತ್ತಿತ್ತು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಇಬ್ಬರೂ ಜೋಡಿಯಾಗಿ ನಡೆಸಿದ ಇಪ್ಪತ್ತು ವರ್ಷಗಳ ಸಂಸಾರ.

ಮಾಸ್ತರನಿಗೆ ಹೊಟ್ಟೆನೋವು ವಿಪರೀತವಾಗಿ ಎಚ್ಚರ ತಪ್ಪಿತು; ಆಪರೇಷನ್ ಮಾಡಲೇಬೇಕೆಂದರು. ಆದರೆ ಒಳಗೆ ಬಿಡುವುದು ರಕ್ತಸಂಬಂಧಿಯನ್ನು, ಇಲ್ಲವೇ ಮದುವೆಯಾದ ಸಂಗಾತಿಯನ್ನು ಮಾತ್ರ. ಹೀಗಾಗಿ ಬಸ್ ಕಂಡಕ್ಟರ್ ಆಗಿರುವ ಮಾಸ್ತರನ ಅಕ್ಕನಿಗೆ ಮತ್ತೆ ಫೋನ್ ಹೋಯಿತು. ಹೆಗಲಿನ ಟಿಕೆಟ್ ಚೀಲವನ್ನೂ ಇಳಿಸದೆ ಅವಳು ಬಂದಳು.

"ಮೊನ್ನೆ ತಾನೇ ಬಂದು, ಸೇರಿಸೋ ಕಾಗದಕ್ಕೆ ಸಹಿ ಹಾಕಿ ಹೋಗಿದ್ದೆ. ಮತ್ತೆ ನನ್ನನ್ನೇ ಕರೆಸಿದ್ಯಾ?"

"ಏನ್ ಮಾಡ್ಲಿ ಅಕ್ಕ? ನನ್ನ ಮಾತು ಇಲ್ಲಿ ನಡೆಯಲ್ಲ."

"ವರ್ಷಾ ವರ್ಷಾ ಕಾಮನಬಿಲ್ಲಿನ ಬಣ್ಣದ ಬಟ್ಟೆ ಹೊಲಿದು, ನಿಮ್ಮಂಥ ಜೋಡಿಗಳೆಲ್ಲ ಸೇರಿ ಮೆರವಣಿಗೆ ಹೋಗ್ತೀರಲ್ಲ, ಅಲ್ಲಿ ನಡೆಯುತ್ತಾ? ಇಬ್ರೂ ಒಟ್ಟಿಗೇ ಇದೀರಿ, ಯಾರು ಬೇಡ ಅಂದ್ರು? ಮದುವೆ ಹಕ್ಕು ಬೇರೆ ಬೇಕಂತೆ! ತಲೆ ನರೆತ ಮೇಲೆ ಮದುಮಕ್ಕಳಾಗೋ ಆಸೆ!"

ಹೊಲಿಗೆಯಣ್ಣ ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತ.

ನರ್ಸ್ ಅಕ್ಕನನ್ನು ಒಳಗೆ ಕರೆದಳು. "ನಿಮ್ಮ ತಮ್ಮನಿಗೆ ಯಾವುದಾದ್ರೂ ಔಷಧಿ ಒಗ್ಗಲ್ವಾ?"

"ಅವನಿಗಾ? ಕಲ್ಲು ತಿಂದು ಅರಗಿಸ್ಕೊಳ್ಳೋನು! ಎಲ್ಲಾ ಒಗ್ಗುತ್ತೆ."

ಅರೆತೆರೆದ ಬಾಗಿಲಾಚೆಯಿಂದ ಹೊಲಿಗೆಯಣ್ಣನ ಕೂಗು ಕೇಳಿತು: "ಇಲ್ಲ ಸಿಸ್ಟರ್! ಪೆನ್ಸಿಲಿನ್ ಕೊಡಬೇಡಿ! ಹಲ್ಲು ಕೀಳಿಸಿದಾಗ ಕೊಟ್ಟಿದ್ರು, ಗಂಟಲು ಊದಿ ಉಸಿರೇ ನಿಂತಂಗಾಗಿತ್ತು."

ಕಾವಲುಗಾರ ಅವನ ತೋಳು ಹಿಡಿದು ಹಿಂದಕ್ಕೆ ಎಳೆದ. ನರ್ಸ್ ಟ್ರೇಯಲ್ಲಿದ್ದ ಔಷಧಿಯನ್ನು ತೆಗೆದಿಟ್ಟಳು. "ಇದೇ ಜಾತಿಯದನ್ನ ಕೊಡೋದ್ರಲ್ಲಿದ್ವಿ," ಎಂದಳು ಮೆಲ್ಲಗೆ.

ಅಕ್ಕ ಗೋಡೆಗೆ ಒರಗಿದಳು. "ಹೊರಗಿರೋ ಅವನನ್ನೇ ಕೇಳಬಾರದಿತ್ತಾ?"

"ಇಲ್ಲಿನ ನಿಯಮದಲ್ಲಿ ಕೇಳೋ ಹಾಗಿಲ್ಲ ಅಕ್ಕ. ಕಾನೂನಿನ ಲೆಕ್ಕದಲ್ಲಿ ಅವರು ನಿಮ್ಮ ತಮ್ಮನಿಗೆ ಯಾರೂ ಅಲ್ಲ. ನಾಳೆ ಏನಾದ್ರೂ ಆದ್ರೆ ಆ ಮನೇಲಿ ಉಳಿಯೋ ಹಕ್ಕೂ ಇರಲ್ಲ. ನೀವು ಹೊರಗೆ ಅಂದಿದ್ದು ಕೇಳಿಸ್ತು. ಮೆರವಣಿಗೇಲಿ ಕುಣೀತಾರೆ, ನಿಜ. ಈ ಬಾಗಿಲು ತೆಗೀರಿ ಅಂತಾನೂ ಅಲ್ಲೇ ಕೇಳ್ತಾರೆ."

ಅಕ್ಕ ಹೆಗಲಿನ ಟಿಕೆಟ್ ಚೀಲವನ್ನು ಕೆಳಗಿಟ್ಟಳು. "ನನ್ನ ಗಂಡ ಆಸ್ಪತ್ರೇಲಿ ಮಲಗಿದ್ದಾಗ 'ಹೆಂಡತಿ' ಅಂದೆ, ಅಷ್ಟೇ. ಬಾಗಿಲು ತೆಗೆದ್ರು," ಎಂದಳು. ಆಮೇಲೆ ಹೊರಗೆ ಬಂದು, ಕಾವಲುಗಾರನ ಕೈಯಿಂದ ಹೊಲಿಗೆಯಣ್ಣನ ತೋಳು ಬಿಡಿಸಿದಳು. "ನಾನು ಹೇಳ್ತಿದೀನಿ, ಇವನನ್ನ ಒಳಗೆ ಬಿಡಿ. ಅವನ ವಿಷಯ ನನಗಿಂತ ಇವನಿಗೇ ಚೆನ್ನಾಗಿ ಗೊತ್ತು."

ಮಾಸ್ತರ ಬದುಕಿಕೊಂಡ. ಆದರೆ ಆ ವರ್ಷದ ಮೆರವಣಿಗೆಗೆ ಅವನಿಗೆ ಮೈಯಲ್ಲಿ ಶಕ್ತಿಯಿರಲಿಲ್ಲ. ಉದ್ದನೆಯ ಬಣ್ಣದ ಬಟ್ಟೆಯ ಒಂದು ತುದಿಯನ್ನು ಹೊಲಿಗೆಯಣ್ಣ ಹಿಡಿದ. ಮಾಸ್ತರ ಹಿಡಿಯುತ್ತಿದ್ದ ತುದಿಯನ್ನು ಅಕ್ಕ ಹಿಡಿದಳು.

"ಕಾಲು ಬಿದ್ದುಹೋಗ್ತಿದೆ ಕಣೋ. ನನ್ನ ಬಸ್ಸಾಗಿದ್ರೆ ಯಾರನ್ನಾದ್ರೂ ಎಬ್ಬಿಸಿ ಕೂತಿರ್ತಿದ್ದೆ. ಇನ್ನೆಷ್ಟು ದೂರ?"

"ನಾವೂ ವರ್ಷಾ ವರ್ಷಾ ಅದನ್ನೇ ಕೇಳ್ತಿದೀವಿ ಅಕ್ಕ."

ಓದುತ್ತಿರುವವರೇ, ಆ ಬಾಗಿಲು ಇನ್ನೂ ತೆರೆದಿಲ್ಲ. ನಿಮ್ಮ ಬೀದಿಯಲ್ಲಿಯೂ ಇಂಥ ಒಂದು ಜೋಡಿ ಇರಬಹುದು. 'ಒಟ್ಟಿಗಿದ್ದಾರಲ್ಲ, ಮದುವೆ ಏಕೆ?' ಎಂದು ಕೇಳುವ ಮುನ್ನ ಬೆಂಚಿನ ಮೇಲೆ ಕುಳಿತವನನ್ನು ನೆನೆಯಿರಿ. ಮದುವೆಯ ಹಕ್ಕು ಎಲ್ಲರಿಗೂ ಸಿಗಲೆಂದು ನಿಮ್ಮ ಮನೆಯಲ್ಲಿ, ನಿಮ್ಮ ಸಂಘದಲ್ಲಿ ಬಾಯಿಬಿಟ್ಟು ಹೇಳಿರಿ. ನಡೆದು ನಡೆದು ಅವರು ದಣಿದಿದ್ದಾರೆ. ಬಟ್ಟೆಯ ಒಂದು ತುದಿಯನ್ನು ಸ್ವಲ್ಪ ದೂರ ನೀವೂ ಹಿಡಿಯಿರಿ.