ಸಾಕು ಎನ್ನುವ ಕೈ

ಸುಂದರಬಾಯಿಯ ಮನೆಗೆ ಬಂದವರು ಹೊಟ್ಟೆ ಬಿರಿಯುವಷ್ಟು ಉಣ್ಣದೆ ಹೊರಗೆ ಬಿದ್ದದ್ದನ್ನು ಬಸವಕಲ್ಯಾಣದಲ್ಲಿ ಯಾರೂ ನೋಡಿರಲಿಲ್ಲ. ಸಿಟ್ಟು ಬಂದಾಗಲಂತೂ ಆಕೆ ಇನ್ನೂ ಜಾಸ್ತಿ ಬಡಿಸುತ್ತಿದ್ದಳು. ಆ ಭಾನುವಾರ ಬಂದದ್ದು ಅಂತಿಂಥ ಸಿಟ್ಟಲ್ಲ.

ಆಗಿದ್ದಿಷ್ಟು. 2004ರ ಮಾತು. ಮೊಮ್ಮಗಳು ವಿಜಯಶ್ರೀ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಪಿಯುಸಿ ಸೈನ್ಸ್ ಓದುತ್ತಿದ್ದಳು. ಅಲ್ಲಿ ಜೀವಶಾಸ್ತ್ರ ಕಲಿಸುವ ಮಹಜಬೀನ್ ಮೇಡಂ ಒಂದು ದಿನ, ನಮ್ಮ ಮೈ ಗಾಂಜಾದಂಥ ಒಂದು ವಸ್ತುವನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು ಹೇಳಿದರು. ಆ ಮಾತು ಹುಮನಾಬಾದಿನಲ್ಲಿ ಬಸ್ಸು ಹತ್ತಿ, ನಡುದಾರಿಯ ರಾಜೇಶ್ವರದಲ್ಲಿ ಇಳಿದು ಚಹಾ ಕುಡಿದು, ಬಸವಕಲ್ಯಾಣ ಮುಟ್ಟುವುದರೊಳಗೆ ಅದರ ಚಹರೆಯೇ ಬದಲಾಗಿತ್ತು. ಎದುರುಮನೆಯ ಕಾಂತಾಬಾಯಿ ಕಟ್ಟೆಗೆ ಬಂದು ಕೂತು ಗಲ್ಲಕ್ಕೆ ಕೈ ಹಚ್ಚಿದಳು.

"ಕೇಳಿದೇನವಾ ಸುಂದರಾ? ಹುಮನಾಬಾದ್ ಕಾಲೇಜದಾಗ ಗಾಂಜಾ ತಯಾರ ಮಾಡೋದು ಕಲಸಾಕತ್ತಾರಂತ!"

ಶಿವಶಿವಾ! ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದರು. ಸುಂದರಬಾಯಿಗೆ ನಗು ಎಲ್ಲಿಂದ ಬರಬೇಕು? ಆಕೆಯ ಒಬ್ಬನೇ ತಮ್ಮ ಗುರುಶಾಂತ ಮೀಸೆ ಬಲಿಯುವ ವಯಸ್ಸಿನಲ್ಲಿ ಗಾಂಜಾದ ಚಿಲುಮೆ ಹಿಡಿದ. ಕೆಲಸ ಬಿಟ್ಟ, ಮಾತು ಬಿಟ್ಟ, ಕಡೆಗೆ ಮನೆಯನ್ನೇ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಅದಾಗಿ ಮೂವತ್ತು ವರ್ಷ. ಇಂದಿಗೂ ಮನೆಯವರು ಯಾರಾದರೂ ಬರುವುದು ತಡವಾದರೆ ಸುಂದರಬಾಯಿ ಹೆದರಿ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

"ಇನ್ನ ಕಾಲೇಜು ಬಂದ್," ಅಂದುಬಿಟ್ಟಳು. ಮಗ ಬಸವಕಿರಣ "ಅವ್ವಾ..." ಅನ್ನುವುದರೊಳಗೆ ಕಣ್ಣು ಕೆಂಪಗೆ ಮಾಡಿದಳು, ಅವನು ಸುಮ್ಮನೆ ಅಂಗಡಿಗೆ ನಡೆದ. ವಿಜಯಶ್ರೀ ಅತ್ತಳು, ಪರೀಕ್ಷೆ ಹತ್ತಿರ ಬಂತೆಂದು ಕಾಲು ಹಿಡಿದಳು. ಮುದುಕಿ ಜಪ್ಪಯ್ಯ ಅನ್ನಲಿಲ್ಲ.

ವಾರವಿಡೀ ಹುಡುಗಿ ಬಾರದ್ದನ್ನು ಕಂಡು ಮಹಜಬೀನ್ ಮೇಡಂ ಭಾನುವಾರ ತಾವೇ ಬಸ್ಸು ಹತ್ತಿ ಮನೆಗೆ ಬಂದರು. ಮನೆಗೆ ಬಂದವರ ಜೊತೆ ಜಗಳ ತೆಗೆಯುವುದಕ್ಕೂ ಒಂದು ರೀತಿ ರಿವಾಜು ಇದೆಯಲ್ಲ. ಸುಂದರಬಾಯಿ ಮೊದಲು ಊಟಕ್ಕೆ ಕೂಡಿಸಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು.

"ಹೆಣ್ಣುಮಕ್ಕಳಿಗೆ ಗಾಂಜಾದ ಸುದ್ದಿ ಯಾಕ್ರಿ ಅಕ್ಕೋರ?" ಎಂದು ಒಂದು ರೊಟ್ಟಿ ಹಾಕಿದಳು. "ನಿಮಗ ಬ್ಯಾರೆ ಪಾಠ ಸಿಗಲಿಲ್ಲೇನ್ರಿ?" ಎಂದು ಇನ್ನೊಂದು ಹಾಕಿದಳು. "ನಮ್ಮ ಮನಿ ಹಾಳಾಗಿದ್ದು ಅದರಿಂದನ ರೀ!" ಎಂದು ಮೂರನೆಯದನ್ನು ಎತ್ತಿದಾಗ ಮಹಜಬೀನ್ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ಸಾಕ್ರಿ ಅಮ್ಮಾ, ಸಾಕು!"

ಸುಂದರಬಾಯಿಯ ಕೈ ನಡುವೆಯೇ ನಿಂತಿತು. ಮಹಜಬೀನ್ ತಮ್ಮ ಕೈಯನ್ನೊಮ್ಮೆ ನೋಡಿಕೊಂಡು ನಕ್ಕರು.

"ನಾ ಕಲಿಸಿದ ಪಾಠ ಇದೇ ನೋಡ್ರಿ ಅಮ್ಮಾ."

"ಏನ್ರಿ, ರೊಟ್ಟಿ ಬ್ಯಾಡ ಅನ್ನೋದಾ?"

"ಹೌದ್ರಿ. ಮಿದುಳಿನಾಗ ಒಂದು ನರ ಇನ್ನೊಂದಕ್ಕ ಸುದ್ದಿ ಬಡಸ್ತಾನೇ ಇರ್ತದ. ನೋವಿನ ಸುದ್ದಿ, ಹಸಿವಿನ ಸುದ್ದಿ, ಹೆದರಿಕಿ ಸುದ್ದಿ. ಸುದ್ದಿ ಉಣ್ಣೋ ನರಕ್ಕ ಹೆಚ್ಚಾತು ಅಂದ್ರ ಅದು ಹಿಂಗ ಕೈ ಅಡ್ಡ ಹಿಡೀತದ. ಉಳಿದ ಸುದ್ದಿ ಎಲ್ಲಾ ಮುಂದಕ್ಕ ಹೋಗ್ತಾವ, ಈ ಸುದ್ದಿ ಹಿಂದಕ್ಕ, ಬಡಿಸೋರ ಕಡೆ ಹೋಗ್ತದ. ಬಡಿಸೋದು ಜರಾ ನಿಲ್ತದ. ಕೆಲಸ ಆದ ಕೂಡಲೇ ಆ ಕೈ ಕರಗಿ ಹೋಗ್ತದ. ಹಂಗ ಸಾಕು ಅನ್ನೋ ವಸ್ತುವನ್ನ ಮೈ ತಾನೇ ಮಾಡ್ಕೋತದ್ರಿ, ಬೇಕಾದಾಗ, ಬೇಕಾದಷ್ಟೇ. ಪರದೇಶದ ವಿಜ್ಞಾನಿಗಳು ಅದಕ್ಕ ಹೆಸರಿಡೋವಾಗ ನಮ್ಮ 'ಆನಂದ' ಅನ್ನೋ ಶಬ್ದಾನೇ ತಗೊಂಡಾರ."

"ಮತ್ತ ಗಾಂಜಾ?"

"ಅದು ಹೊರಗಿಂದ ಬಂದ ಕೈ ರೀ. ಯಾರಿಗೆ ಸಾಕಾಗ್ಯದ, ಯಾರು ಹಸದಾರ, ಏನೂ ನೋಡಂಗಿಲ್ಲ. ಪಂಕ್ತಿಯಾಗ ಕುಂತ ಎಲ್ಲಾರ ತಟ್ಟಿ ಮ್ಯಾಲೂ ಕುಂತುಬಿಡ್ತದ, ತಾಸುಗಟ್ಟಲೆ ಏಳಂಗಿಲ್ಲ. ದಿನಾ ಹಿಂಗಾದ್ರ, ಮೈಯ ಸ್ವಂತ ಕೈಗೆ ಕಿಮ್ಮತ್ತೇ ಇಲ್ಲದಂಗ ಆಗ್ತದ."

ಸುಂದರಬಾಯಿ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಅಲ್ಲೇ ನೆಲಕ್ಕೆ ಕೂತಳು.

"ನನ್ನ ತಮ್ಮನ ಮೈಯಾಗೂ ಆ ಸ್ವಂತ ಕೈ ಇತ್ತೇನ್ರಿ?"

"ಇತ್ರಿ ಅಮ್ಮಾ. ಎಲ್ಲಾರಿಗೂ ಇರ್ತದ."

ಆಕೆಯ ಕಣ್ಣು ತುಂಬಿ ಬಂದವು. ಗುರುಶಾಂತನ ರಕ್ತವೇ ಕೆಟ್ಟದ್ದು ಎಂದು ಇಷ್ಟು ವರ್ಷ ನಂಬಿದ್ದಳು. ಅದೇ ರಕ್ತ ಮೊಮ್ಮಗಳ ಮೈಯಲ್ಲೂ ಹರಿಯುತ್ತಿದೆಯಲ್ಲ ಎಂದು ಒಳಗೊಳಗೇ ನಡುಗುತ್ತಿದ್ದಳು. ಯಾರ ಮುಂದೆಯೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

"ಹೆದರಿಕಿ ಸುದ್ದೀನೂ ಆ ಕೈ ತಡೀತದ ಅಂದ್ರಿ ಹೌದಿಲ್ಲೋ?"

"ಹೌದ್ರಿ. ಹಳೇ ಹೆದರಿಕಿ ಕರಗಾಕ ಅದು ಬೇಕಂತ, ಇಲಿಗಳ ಮ್ಯಾಲ ಪ್ರಯೋಗ ಮಾಡಿ ನೋಡ್ಯಾರ."

"ಹಂಗಾದ್ರ ಮೂವತ್ತು ವರ್ಷ ಆತು, ನನ್ನ ಹೆದರಿಕಿ ಯಾಕ ಕರಗವಲ್ದು?"

ಮಹಜಬೀನ್ ಏನೋ ಒಂದು ಸಮಾಧಾನ ಹೇಳಿ ಕೈ ತೊಳೆಯಲು ಏಳಬಹುದಿತ್ತು. ಏಳಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಖರೇ ಹೇಳ್ತೀನ್ರಿ ಅಮ್ಮಾ, ನನಗ ಗೊತ್ತಿಲ್ಲ. ಇನ್ನೂ ಯಾರಿಗೂ ಪೂರಾ ಗೊತ್ತಾಗಿಲ್ಲ. ಹುಡುಕಾಕತ್ತಾರ."

"ಯಾರು ಹುಡುಕಾಕತ್ತಾರ್ರಿ?"

"ಓದಿದವರು ರೀ."

ಸುಂದರಬಾಯಿ ತಿರುಗಿ ನೋಡಿದಳು. ಅತ್ತು ಅತ್ತು ಮುಖ ಊದಿಸಿಕೊಂಡ ವಿಜಯಶ್ರೀ ಒಳಬಾಗಿಲಿಗೆ ಒರಗಿ ನಿಂತಿದ್ದಳು.

"ಏನ ನೋಡ್ತಿ? ನಾಳಿ ಮುಂಜಾನಿ ಬಸ್ಸಿಗೆ ಹೋಗು."

"ಆಯೀ! ಖರೇನಾ?"

"ಖರೇ ಅಂದ್ರ ಖರೇ. ಗಾಂಜಾದ್ದೂ ಓದು, ಆನಂದದ್ದೂ ಓದು. ನನ್ನ ಹೆದರಿಕಿ ಯಾಕ ಹೋಗವಲ್ದು ಅಂತ ಪೂರಾ ತಿಳ್ಕೊಂಡು ಬಂದು ನನಗ ಹೇಳು." ಅಷ್ಟು ಹೇಳಿ ಎದ್ದು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಗದರಿಸುವವಳಂತೆ ದನಿ ಏರಿಸಿದಳು. "ಜಲ್ದಿ ಓದವಾ. ನಂದು ವಯಸ್ಸಾತು."